ರೇಷ್ಮೆಯ ಮೇಲೊಂದು ಚಾಕ್ ಗುರುತು

2023ರ ಚಳಿಗಾಲ. ಆಗ ನಾನು ಫ್ರೀಮಾಂಟಿನ ಒಂದು ಆಸ್ಪತ್ರೆಯಲ್ಲಿ ಎಲೆಕ್ಟ್ರೋಫಿಸಿಯಾಲಜಿಸ್ಟ್ ಆಗಿದ್ದೆ. ಆ ಪದ ಹೇಳಿ ಮುಗಿಸುವಷ್ಟರಲ್ಲಿ ಕೇಳುವವರಿಗೆ ಆಕಳಿಕೆ ಬರುತ್ತದೆ, ಆದರೆ ಅರ್ಥ ಸರಳ. ಹೃದಯ ತಜ್ಞರಲ್ಲಿ ಎರಡು ಜಾತಿ. ರಕ್ತನಾಳ ಕಟ್ಟಿಕೊಂಡರೆ ಬಿಡಿಸುವವರು ಒಂದು ಜಾತಿ, ಹೃದಯ ಬಡಿಯಲು ಬೇಕಾದ ವಿದ್ಯುತ್ತು ಕೈಕೊಟ್ಟರೆ ನೋಡುವವರು ಇನ್ನೊಂದು. ಯೂನಿಯನ್ ಸಿಟಿಯ ಮನೆಯಲ್ಲಿ ನನ್ನ ಜೊತೆಗಿದ್ದ ಅವ್ವ ಮೊದಲಿನವರನ್ನು ‘ನಳದ ಡಾಕ್ಟರು’ ಎಂದೂ ನನ್ನಂಥವರನ್ನು ‘ಕರೆಂಟಿನ ಡಾಕ್ಟರು’ ಎಂದೂ ವಿಂಗಡಿಸಿಕೊಂಡಿದ್ದಳು. ಹುಬ್ಬಳ್ಳಿಯಲ್ಲಿ ಓದಿ, ಈ ದೇಶದಲ್ಲಿ ಇಪ್ಪತ್ತೆಂಟು ವರ್ಷ ಕರೆಂಟಿನ ಡಾಕ್ಟರಾಗಿ ದುಡಿದು ಈಗ ನಿವೃತ್ತಳಾಗಿದ್ದೇನೆ. ಕೂರಿಸಿದ ಪೇಸ್‌ಮೇಕರ್‌ಗಳ ಲೆಕ್ಕ ಇಟ್ಟಿಲ್ಲ, ಹೆಚ್ಚಿನ ರೋಗಿಗಳ ಮುಖವೂ ಮರೆತಿದೆ. ಈ ಒಬ್ಬ ಹುಡುಗಿಯನ್ನು ಮಾತ್ರ ಇವತ್ತಿಗೂ ಮರೆತಿಲ್ಲ.

ಅವಳನ್ನು ಯೆನ್ ಎಂದು ಕರೆಯೋಣ, ಅವಳ ತಾಯಿಯನ್ನು ತಾಮ್ ಎಂದು. ಎರಡೂ ನಾನು ಇಟ್ಟ ಹೆಸರುಗಳು. ಯೆನ್‌ಗೆ ಇಪ್ಪತ್ತಮೂರು ವರ್ಷ. ಹೇವರ್ಡಿನ ವಿಶ್ವವಿದ್ಯಾಲಯದಲ್ಲಿ ನಾಟಕ ಓದುತ್ತಿದ್ದಳು. ತಾಮ್ ವಿಯೆಟ್ನಾಂನಿಂದ ಬಂದವಳು. ಹೇವರ್ಡಿನಲ್ಲೇ ಗೋದಾಮುಗಳ ಸಾಲಿನ ಹಿಂದೆ ಅವಳದೊಂದು ಹೊಲಿಗೆ ಅಂಗಡಿ. ಮಗಳು ವಾರಾಂತ್ಯಗಳಲ್ಲಿ ಸ್ಯಾನ್ ಹೋಸೆಯ ವಿಯೆಟ್ನಾಮೀ ಮದುವೆ ಬಟ್ಟೆಯ ಅಂಗಡಿಗಳಿಗೆ ಮಾಡೆಲ್ ಆಗಿ ನಿಲ್ಲುತ್ತಿದ್ದಳು, ಕ್ಯಾಲೆಂಡರುಗಳಿಗೆ ಫೋಟೋ ತೆಗೆಸಿಕೊಳ್ಳುತ್ತಿದ್ದಳು. ಆ ವರ್ಷ ಒಂದು ಸೌಂದರ್ಯ ಸ್ಪರ್ಧೆಗೂ ಹೆಸರು ಕೊಟ್ಟಿದ್ದಳು. ಅದಕ್ಕಿಂತ ದೊಡ್ಡ ಸುದ್ದಿಯೆಂದರೆ, ಸೈಗಾನಿನ ಒಬ್ಬ ನಿರ್ದೇಶಕ ಅವಳಿಗೆ ಸಿನಿಮಾದಲ್ಲಿ ನಾಯಕಿಯ ತಂಗಿಯ ಪಾತ್ರ ಕೊಟ್ಟಿದ್ದ. ವಸಂತದಲ್ಲಿ ಚಿತ್ರೀಕರಣ. ಅಷ್ಟರಲ್ಲಿ ಅವಳು ಎರಡು ಸಲ ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪಿ ಬಿದ್ದಿದ್ದಳು.

“ಸೆಟ್‌ನಲ್ಲಿ ಒಂದೇ ಒಂದು ಸಲ ಬಿದ್ದರೂ ಮುಂದಿನ ಫ್ಲೈಟಿಗೆ ಹತ್ತಿಸಿ ವಾಪಸ್ ಕಳಿಸ್ತಾರೆ ಡಾಕ್ಟರ್. ನನಗೆ ಎರಡನೇ ಚಾನ್ಸ್ ಯಾರೂ ಕೊಡಲ್ಲ,” ಎಂದಳು. ನಮ್ಮ ಮಾತು ನಡೆದದ್ದು ಇಂಗ್ಲಿಷಿನಲ್ಲಿ, ಇಲ್ಲಿ ನನ್ನ ಕನ್ನಡಕ್ಕೆ ತಂದಿದ್ದೇನೆ.

ಈಗ ನನ್ನ ಒಂದು ದೋಷ ಒಪ್ಪಿಕೊಳ್ಳಬೇಕು. ಕಾಲೇಜಿನಲ್ಲಿ ಸೌಂದರ್ಯ ಸ್ಪರ್ಧೆಯ ವಿರುದ್ಧ ಭಾಷಣ ಮಾಡಿ ಸ್ಟೀಲಿನ ಕಪ್ಪು ಗೆದ್ದವಳು ನಾನು. ಆ ಕಪ್ಪು ಎಲ್ಲಿ ಹೋಯಿತೋ ಗೊತ್ತಿಲ್ಲ, ಭಾಷಣ ಮಾತ್ರ ತಲೆಯಲ್ಲಿ ಹಾಗೇ ಉಳಿದಿತ್ತು. ಎದುರಿಗೆ ಕುಳಿತ ಹುಡುಗಿ ಕಿರೀಟಕ್ಕಾಗಿ ನಡೆಯುವವಳು ಎಂದು ತಿಳಿದ ಕ್ಷಣವೇ ಆ ಭಾಷಣ ನನ್ನೊಳಗೆ ಎದ್ದು ಕೂತಿತು. ಉಪವಾಸ ಮಾಡಿರುತ್ತಾಳೆ, ನೀರು ಕುಡಿದಿರುವುದಿಲ್ಲ, ದೀಪಗಳ ಬಿಸಿಗೆ ತಲೆ ತಿರುಗಿರುತ್ತದೆ ಎಂದು ಕೇಳುವ ಮೊದಲೇ ತೀರ್ಮಾನಿಸಿಕೊಂಡೆ. ವಿಚಾರಿಸಿದರೆ ಅವಳು ಮೂರು ಹೊತ್ತೂ ಊಟ ಮಾಡುತ್ತಿದ್ದಳು. ಅದರಿಂದ ನನಗೆ ಇನ್ನಷ್ಟು ಕಿರಿಕಿರಿಯಾಯಿತು.

“ಬಿದ್ದಾಗ ಏನು ಮಾಡ್ತಿದ್ದೆ?”

“ನಿಂತಿದ್ದೆ. ನಗ್ತಿದ್ದೆ.” ಆಮೇಲೆ ಸೇರಿಸಿದಳು: “ಒಂದು ವಿಷಯ ಡಾಕ್ಟರ್. ಮನೇಲಾಗಲಿ ಕ್ಲಾಸಲ್ಲಾಗಲಿ ಒಂದು ಸಲವೂ ಆಗಿಲ್ಲ. ಶೂಟಿಗೆ, ಸ್ಟೇಜಿಗೆ ರೆಡಿಯಾಗಿ ನಿಂತಾಗ ಮಾತ್ರ...”

“ಸೌಂದರ್ಯದ ವಿಷಯ ಬಾಗಿಲ ಹೊರಗೇ ಇರಲಿ. ಇಲ್ಲಿ ಹೃದಯದ ವಿಷಯ ಮಾತಾಡೋಣ,” ಎಂದೆ.

ನನ್ನ ಟಿಪ್ಪಣಿಯಲ್ಲಿ ‘ಬಹಳ ಹೊತ್ತು ನಿಂತಿದ್ದಾಗ ಪ್ರಜ್ಞೆ ತಪ್ಪುವಿಕೆ’ ಎಂದು ಬರೆದೆ. ರೆಡಿಯಾಗಿ ನಿಂತಾಗ ಎಂಬ ಮಾತನ್ನು ಬರೆಯಲಿಲ್ಲ.

ಎರಡು ಸಲವೂ ಆಂಬ್ಯುಲೆನ್ಸ್ ಬಂದಿತ್ತು. ಅವರ ವರದಿಗಳಲ್ಲಿ ಇದ್ದದ್ದು ಒಂದೇ ಸಾಲು: ‘ನಾವು ತಲುಪುವಾಗ ರೋಗಿ ಟೀ-ಶರ್ಟ್ ತೊಟ್ಟು ಕುಳಿತಿದ್ದಾಳೆ, ಪೂರ್ಣ ಪ್ರಜ್ಞೆಯಲ್ಲಿದ್ದಾಳೆ.’ ನಮ್ಮ ಪರೀಕ್ಷೆಗಳೂ ಇಸಿಜಿಯಿಂದ ಹಿಡಿದು ಟ್ರೆಡ್‌ಮಿಲ್‌ವರೆಗೆ ಎಲ್ಲ ಸರಿ ಎಂದವು. ಕೊನೆಗೆ ಎದೆಗೆ ಎರಡು ವಾರದ ಪ್ಯಾಚ್ ಮಾನಿಟರ್ ಅಂಟಿಸಿದೆ. ಬ್ಯಾಂಡೇಜಿನಂಥ ಪಟ್ಟಿ ಅದು, ಹಗಲೂ ರಾತ್ರಿ ಹೃದಯದ ಒಂದೊಂದು ಬಡಿತವನ್ನೂ ದಾಖಲಿಸುತ್ತದೆ. ಅದು ಇದ್ದಾಗಲೇ ಯೆನ್ ಮೂರನೆಯ ಸಲ ಬಿದ್ದಳು. ಈ ಸಲ ಸ್ಪರ್ಧೆಯ ಸೆಮಿಫೈನಲ್‌ನಲ್ಲಿ, ಸಭೆಯ ಮುಂದೆ.

ಪಟ್ಟಿ ತೆರೆದು ಓದಿದವಳು ನಮ್ಮ ಟೆಕ್ನಿಷಿಯನ್ ಸಂಧ್ಯಾ. ಬೆಂಗಳೂರಿನ ಜಯನಗರದವಳು, ಹತ್ತು ವರ್ಷದಿಂದ ನನ್ನ ಬಲಗೈ. ಅವಳು ಸಾಮಾನ್ಯವಾಗಿ ಓಡುವವಳಲ್ಲ, ಅವತ್ತು ಓಡಿ ಬಂದಳು.

“ಮೇಡಂ, ಈ ಸ್ಟ್ರಿಪ್ಪು ನೋಡಿ. ಪಾಸು ಏಳು ಸೆಕೆಂಡು ಇದೆ!”

ಪಾಸ್ ಎಂದರೆ ಎರಡು ಬಡಿತಗಳ ನಡುವಿನ ಖಾಲಿ. ಎಚ್ಚರವಿದ್ದಾಗ ಮೂರು ಸೆಕೆಂಡು ದಾಟಿದರೆ ನಾವು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತೇವೆ. ಏಳು ಸೆಕೆಂಡು ಎಂದರೇನು ಎಂದು ತಿಳಿಯಬೇಕಿದ್ದರೆ ಬಾಯಲ್ಲಿ ನಿಧಾನವಾಗಿ ಒಂದರಿಂದ ಏಳರವರೆಗೆ ಎಣಿಸಿ ನೋಡಿ. ಅಷ್ಟು ಹೊತ್ತು ಆ ಹುಡುಗಿಯ ಹೃದಯ ನಿಂತಿತ್ತು. ಮುಂದಿನ ಸಲ ಏಳು ಹದಿನೇಳಾದರೆ?

ಸಹೋದ್ಯೋಗಿಗಳಿಬ್ಬರಿಗೆ ತೋರಿಸಿದೆ. ಇಬ್ಬರೂ ಪೇಸ್‌ಮೇಕರ್ ಎಂದರು. ಕತ್ತಿನ ರಕ್ತನಾಳವನ್ನು ಒತ್ತಿ ನೋಡುವ ಒಂದು ಹಳೆಯ ಪರೀಕ್ಷೆ ಇದೆ. ಅಲ್ಲಿ ಒತ್ತಡ ಅಳೆಯುವ ಒಂದು ನರಗಂಟಿರುತ್ತದೆ. ಅದು ಅತಿ ಸೂಕ್ಷ್ಮವಾಗಿದ್ದರೆ ಹೊರಗಿನಿಂದ ಒತ್ತಿದರೂ ಮೋಸಹೋಗಿ ಹೃದಯಕ್ಕೆ ‘ನಿಲ್ಲು’ ಎನ್ನುತ್ತದೆ. ಆದರೆ ಅದು ವಯಸ್ಸಾದವರ ತೊಂದರೆ, ನಲವತ್ತು ದಾಟಿದವರಿಗೆ ಮಾಡುವ ಪರೀಕ್ಷೆ. ಇವಳಿಗೆ ಇಪ್ಪತ್ತಮೂರು. ನಾನು ಮಾಡಲಿಲ್ಲ.

ತಾಯಿ ಮಗಳನ್ನು ಕರೆಸಿ ಎಲ್ಲ ವಿವರಿಸಿದೆ. ಎಡ ಕಾಲರ್‌ಬೋನ್ ಕೆಳಗೆ ಎರಡು ಇಂಚು ಕೊಯ್ದು ಚರ್ಮದಡಿ ಯಂತ್ರ ಇಡುತ್ತೇವೆ, ಅಲ್ಲಿಂದ ತಂತಿಗಳು ಹೃದಯದೊಳಕ್ಕೆ ಹೋಗುತ್ತವೆ, ಹತ್ತು ವರ್ಷಕ್ಕೊಮ್ಮೆ ಬ್ಯಾಟರಿ ಮುಗಿದಾಗ ಮತ್ತೆ ಕೊಯ್ಯಬೇಕು. ಇಪ್ಪತ್ತಮೂರಕ್ಕೆ ಶುರುವಾದರೆ ಆಯುಷ್ಯದಲ್ಲಿ ಐದಾರು ಸಲ. ಯೆನ್ ತನ್ನ ಕಾಲರ್‌ಬೋನ್ ಕೆಳಗೆ ಬೆರಳಿಟ್ಟು ಕೇಳಿದಳು: “ಗುರುತು ಇಲ್ಲೇ ಬರುತ್ತಾ? ಕ್ಯಾಮೆರಾ ಮೊದಲು ನೋಡೋದೇ ಇಲ್ಲಿ.”

“ಪ್ರಾಣ ಮುಖ್ಯವೋ ಗಾಯದ ಗುರುತು ಮುಖ್ಯವೋ?” ಎಂದು ಗದರಿದೆ. ಅವಳು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದಳು. ಪೆನ್ನು ಹಿಂದಿರುಗಿಸುವಾಗ ಅವಳ ಕಣ್ಣಲ್ಲಿ ನೀರಿತ್ತು. ನಾನು ಕಂಡೂ ಕಾಣದವಳಂತೆ ಕಂಪ್ಯೂಟರಿನತ್ತ ತಿರುಗಿದೆ.

ಆಗ ತಾಮ್ ಬಾಯಿ ತೆರೆದಳು. ಅವಳ ಪ್ರಶ್ನೆ ಒಂದೇ. “ಎಷ್ಟು ದಪ್ಪ?”

ಯಂತ್ರದ ದಪ್ಪ ಕೇಳುತ್ತಿದ್ದಾಳೆಂದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಯೆನ್ ಸ್ಪರ್ಧೆಗೆ ತೊಡುತ್ತಿದ್ದದ್ದು ತಾಮ್ ಹೊಲಿದ ಆವ್ ಯಾಯ್, ವಿಯೆಟ್ನಾಂ ಹೆಂಗಸರ ಉಡುಪು. ಮೊಣಕಾಲಿನ ಕೆಳಗಿನವರೆಗೆ ಇಳಿಯುವ ಉದ್ದ ನಿಲುವಂಗಿ, ಸೊಂಟದಿಂದ ಎರಡೂ ಬದಿ ಸೀಳು, ಒಳಗೆ ಸಡಿಲ ಪೈಜಾಮ, ಕತ್ತಿಗೆ ನಿಂತ ಕಾಲರ್. ಸೊಂಟದ ಮೇಲೆ ಅದು ಚರ್ಮಕ್ಕೆ ಅಂಟಿದಂತಿರಬೇಕು. ತಾಮ್‌ಳಂಥ ದರ್ಜಿಗಳು ಒಂದು ಆವ್ ಯಾಯ್‌ಗೆ ಇಪ್ಪತ್ತು ಕಡೆ ಅಳತೆ ತೆಗೆಯುತ್ತಾರಂತೆ. “ನನ್ನ ಬಟ್ಟೆ ಒಳಗೆ ಎಳ್ಳಿನ ಕಾಳೂ ಅಡಗಲ್ಲ ಡಾಕ್ಟರ್,” ಎಂದಳು. “ಫೈನಲ್ ಹೊತ್ತಿಗೆ ಯಂತ್ರ ಮೈಯೊಳಗೆ ಇರುತ್ತೆ. ಎದೆ ಭಾಗ ಮತ್ತೆ ಕತ್ತರಿಸಬೇಕು. ಬಟ್ಟೆ ತರ್ತೀನಿ. ಆ ಯಂತ್ರ ಒಂದು ಗಂಟೆ ಕೊಡಿ, ಅಳತೆ ತಗೋತೀನಿ.”

ಮಗಳ ಹೃದಯ ನಿಲ್ಲುತ್ತಿದೆ, ಇವಳಿಗೆ ಬಟ್ಟೆಯ ಚಿಂತೆ! ನನಗೆ ಸಿಟ್ಟು ನೆತ್ತಿಗೇರಿತು. ಆದರೂ ರೋಗಿಗಳಿಗೆ ತೋರಿಸಲೆಂದೇ ನಮ್ಮಲ್ಲಿ ಒಂದು ಖಾಲಿ ಮಾದರಿ ಪೇಸ್‌ಮೇಕರ್ ಇತ್ತು. ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನ ಬನ್ನಿ ಎಂದೆ.

ಹೇಳಿದ ಹೊತ್ತಿಗೆ ಸಂಧ್ಯಾ ನನ್ನ ಕೋಣೆಯೊಳಗೆ ಇಣುಕಿದಳು. “ಮೇಡಂ, ಆ ಪೇಷೆಂಟ್ ಅಮ್ಮ ಸೂಟ್‌ಕೇಸೇ ತಂದಿದಾರೆ. ಇಸ್ತ್ರಿ ಪೆಟ್ಟಿಗೇನೂ ಇದೆ!”

“ಏನವಾ, ಇದೇನ್ ಆಸ್ಪತ್ರೆನೋ ಟೇಲರ್ ಅಂಗಡಿನೋ?” ಎನ್ನುತ್ತ ಎದ್ದೆ.

ಆಪರೇಷನ್ನಿಗೆ ಮುಂಚೆ ಒಂದು ಗಂಟೆಯ ರೀಡಿಂಗ್ ಇರಲೆಂದು ಸಂಧ್ಯಾ ಯೆನ್‌ಳ ಎದೆಗೆ ತಂತಿಗಳನ್ನು ಅಂಟಿಸಿದ್ದಳು. ಮೊಬೈಲಿನಷ್ಟು ದೊಡ್ಡ ಪೆಟ್ಟಿಗೆಯೊಂದನ್ನು ಪೈಜಾಮದ ಸೊಂಟಕ್ಕೆ ಸಿಕ್ಕಿಸಿದ್ದಳು. ಹೃದಯದ ಹಸಿರು ಗೆರೆ ಗೋಡೆಯ ಪರದೆಯಲ್ಲಿ ಓಡುತ್ತಿತ್ತು. ತಾಮ್ ಮಾದರಿ ಯಂತ್ರವನ್ನು ಮಗಳ ಕಾಲರ್‌ಬೋನ್ ಕೆಳಗೆ ಟೇಪಿನಿಂದ ಅಂಟಿಸಿ, ಮೇಲೆ ಆವ್ ಯಾಯ್ ತೊಡಿಸಿದಳು. ಕಮಲದ ಬಣ್ಣದ ರೇಷ್ಮೆ, ಎದೆಯಿಂದ ಅಂಚಿನವರೆಗೆ ಕೈಕಸೂತಿ. ಆರು ತಿಂಗಳ ಕೆಲಸವಂತೆ. ಕತ್ತಿನ ಹುಕ್ಕುಗಳನ್ನು ಒಂದೊಂದಾಗಿ ಹಾಕಿ, ಯಂತ್ರ ಉಬ್ಬಿ ಕಂಡಲ್ಲಿ ಬಿಳಿ ಚಾಕಿನಿಂದ ಒಂದು ವೃತ್ತ ಎಳೆದಳು. ನಾನು ಕೊಯ್ಯಬೇಕಾದ ಜಾಗಕ್ಕೆ ಸರಿಯಾಗಿ.

“ಸ್ಟೇಜಿನ ಮೇಲೆ ನಿಲ್ಲೋ ಹಾಗೆ ನಿಲ್ಲು. ನೆರಿಗೆ ಬೀಳುತ್ತಾ ನೋಡ್ತೀನಿ,” ಎಂದಳು ಮಗಳಿಗೆ.

ಯೆನ್ ನಿಂತಳು. ಅದುವರೆಗೆ ಮುದುಡಿ ಕುಳಿತಿರುತ್ತಿದ್ದ ಹುಡುಗಿ ಒಂದು ಕ್ಷಣದಲ್ಲಿ ಬೇರೆಯವಳಾದದ್ದು ಕಂಡು ಬೆರಗಾದೆ. ಬೆನ್ನು ನೆಟ್ಟಗೆ, ಗಲ್ಲ ಮೇಲೆ, ತುಟಿಯಲ್ಲಿ ನಗು. ಕತ್ತನ್ನು ನಿಧಾನವಾಗಿ ಎಡಕ್ಕೆ ತಿರುಗಿಸಿ ಹಾಗೇ ಹಿಡಿದಳು. ತೀರ್ಪುಗಾರರತ್ತ ಒಮ್ಮೆ ತಿರುಗಿದರೆ ಏಳು ಎಣಿಸುವವರೆಗೆ ಅಲುಗಬಾರದೆಂದು ತರಬೇತಿಯಂತೆ, ಫೋಟೋದವರಿಗೆ ಅಷ್ಟು ಹೊತ್ತು ಬೇಕಂತೆ. ತಾಮ್ ನೆಲದ ಮೇಲೆ ಮಂಡಿಯೂರಿ, ಅಂಚು ನೋಡುತ್ತ, ತಮ್ಮ ಭಾಷೆಯಲ್ಲಿ ಎಣಿಸತೊಡಗಿದಳು. ಮೋತ್, ಹಾಯ್, ಬಾ...

ನಾಲ್ಕು ಎನ್ನುವಾಗ ಪರದೆಯ ಹಸಿರು ಗೆರೆ ಮಲಗಿತು.

“ಮೇಡಂ! ಲೈನು ಫ್ಲ್ಯಾಟು!” ಸಂಧ್ಯಾ ಕಿರುಚಿದಳು.

ಯೆನ್ ಇನ್ನೂ ನಗುತ್ತಿದ್ದಳು. ಆ ನಗು ಮುಖದ ಮೇಲಿದ್ದಂತೆಯೇ ಕಣ್ಣುಗುಡ್ಡೆ ಮೇಲೆ ಸರಿಯಿತು. ನಾನು ಹಾರಿ ಹಿಡಿದುಕೊಂಡೆ, ಇಬ್ಬರೂ ನೆಲಕ್ಕೆ ಕುಸಿದೆವು. ಎದೆ ಒತ್ತಲು ಕೈ ಜೋಡಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ತಾಮ್‌ಳ ಬೆರಳುಗಳು ನನ್ನ ಕೈಯನ್ನು ಬದಿಗೆ ತಳ್ಳಿ ಮಗಳ ಕತ್ತಿಗೆ ಹೋದವು. ಒಂದು ಹುಕ್ಕು ಬಿಚ್ಚಿತು. ಎರಡನೆಯದು ಬಿಚ್ಚಿತು. ಪರದೆ ಬೀಪ್ ಎಂದಿತು. ಮತ್ತೆ ಬೀಪ್. ಹಸಿರು ಗೆರೆ ಎದ್ದು ಓಡಿತು, ಯೆನ್ ಕಣ್ಣು ತೆರೆದು, “ನೆರಿಗೆ ಬಿತ್ತಾ ಅಮ್ಮಾ?” ಎಂದಳು.

ತಾಮ್ ಆಗಲೇ ಮೂರನೆಯ ಹುಕ್ಕು ಬಿಚ್ಚುತ್ತ, ಪೂರ್ತಿ ಬಟ್ಟೆ ತೆಗೆಯುವ ಆತುರದಲ್ಲಿದ್ದಳು. ನಾನು ಅವಳ ಮಣಿಕಟ್ಟು ಹಿಡಿದೆ.

“ಹಿಂದಿನ ಮೂರು ಸಲವೂ ಹೀಗೇ ಮಾಡಿದಿರಾ?”

“ಇನ್ನೇನು ಮಾಡಲಿ? ಆಂಬ್ಯುಲೆನ್ಸಿನವರು ಬಂದರೆ ಮೊದಲು ಕತ್ತರಿ ತೆಗೀತಾರೆ. ನನ್ನ ಗಿರಾಕಿಯೊಬ್ಬಳ ಮದುವೆ ಆವ್ ಯಾಯ್ ಹಾಗೇ ಎರಡು ತುಂಡಾಯ್ತು. ಅದಕ್ಕೇ ಅವರು ಬರೋದರೊಳಗೆ ಬಿಚ್ಚಿ, ಟೀ-ಶರ್ಟ್ ಹಾಕಿ ಕೂರಿಸ್ತಿದ್ದೆ. ಕ್ಯಾಲೆಂಡರ್ ಶೂಟಿನಲ್ಲೂ ನಾವು ಹೆಂಗಸರು ಹಾಗೇ ಮಾಡಿದ್ವಿ. ಸೆಮಿಫೈನಲ್‌ನಲ್ಲಿ ಸ್ಟೇಜಿಗೆ ಓಡಿ ಮೊದಲು ಕಾಲರ್ ಬಿಚ್ಚಿದೆ, ಉಳಿದದ್ದು ಪರದೆಯ ಹಿಂದೆ.”

ನಾನು ನೆಲದ ಮೇಲೆ ಹಾಗೇ ಕುಳಿತುಬಿಟ್ಟೆ. ಕಾಲರನ್ನು ಮುಟ್ಟಿ ನೋಡಿದೆ. ಮೃದು ರೇಷ್ಮೆಯ ಒಳಗೆ ಹಲಗೆಯಂಥ ಗಡಸು. ಮೊದಲ ಸುತ್ತಿಗೆ ಮುಂಚೆ ತರಬೇತಿಯವರು ‘ಕತ್ತು ಗಿಡ್ಡ’ ಎಂದಿದ್ದರಂತೆ. ಕತ್ತು ಉದ್ದ ಕಾಣಲೆಂದು ತಾಮ್ ಎಲ್ಲರಿಗಿಂತ ಎತ್ತರದ ಕಾಲರ್ ಹೊಲಿದು, ಅದು ಮಡಚದಂತೆ ಒಳಗೆ ಎರಡು ಪದರ ಬಕ್ರಮ್ ಎಂಬ ಗಡಸು ಬಟ್ಟೆ ಮತ್ತು ಪ್ಲಾಸ್ಟಿಕ್ ಪಟ್ಟಿ ಇಟ್ಟಿದ್ದಳು. ಅಲ್ಲಿಂದ ಮುಂದೆ ಮಗಳಿಗೆ ಹೊಲಿದ ಎಲ್ಲ ಆವ್ ಯಾಯ್‌ಗಳಿಗೂ ಅದೇ ಕಾಲರ್. ಕತ್ತು ತಿರುಗಿಸಿ ಗಲ್ಲ ಎತ್ತಿದಾಗ ಅದರ ಅಂಚು ನೇರವಾಗಿ ಆ ನರಗಂಟನ್ನು ಒತ್ತುತ್ತಿತ್ತು. ನಲವತ್ತು ದಾಟಿಲ್ಲವೆಂದು ನಾನು ಮುಟ್ಟದೆ ಬಿಟ್ಟ ಜಾಗ ಅದು. ಆಸ್ಪತ್ರೆಗೆ ಬಂದವರಿಗೆ ನಾವು ಮೊದಲು ಮಾಡುವ ಕೆಲಸ ಬಟ್ಟೆ ಬಿಚ್ಚಿಸಿ ಗೌನ್ ತೊಡಿಸುವುದು. ಅಂದರೆ ಪ್ರತಿ ಸಲವೂ ಕಾರಣವನ್ನು ಬಾಗಿಲ ಹೊರಗಿಟ್ಟೇ ಪರೀಕ್ಷೆ ಮಾಡಿದ್ದೆವು. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ. ಮತ್ತು ಆ ಹುಡುಗಿ ಮೊದಲ ದಿನವೇ ಹೇಳಲು ಬಾಯಿ ತೆರೆದಿದ್ದಳು!

ನನಗಾದ ಆಘಾತವನ್ನು ಹೇಗೆ ಹೇಳಲಿ? ಹದಿನಾರು ಗಂಟೆ ಕಳೆದಿದ್ದರೆ ಅವಳನ್ನು ಟೇಬಲ್ ಮೇಲೆ ಮಲಗಿಸಿ, ಆರೋಗ್ಯವಂತ ಹೃದಯದೊಳಕ್ಕೆ ನಾನೇ ತಂತಿ ತೂರಿಸುತ್ತಿದ್ದೆ. ಎಲ್ಲರೂ ನನ್ನನ್ನು ಮೆಚ್ಚುತ್ತಿದ್ದರು, ಯಾರಿಗೂ ಎಂದೂ ತಿಳಿಯುತ್ತಿರಲಿಲ್ಲ.

ತಾಮ್‌ಗೆ ಹೇಳಲೇಬೇಕಿತ್ತು. ಹೇಳಿದೆ: “ಅವಳ ಹೃದಯ ನಿಲ್ಲಿಸ್ತಿರೋದು ಈ ಕಾಲರ್. ನೀವು ಪ್ರತಿ ಸಲ ಬಿಚ್ಚಿದ್ದರಿಂದ ಬದುಕಿದಳು. ಪ್ರತಿ ಸಲ ಬಿಚ್ಚಿದ್ದರಿಂದಲೇ ನಮಗೆ ಗೊತ್ತಾಗಲಿಲ್ಲ.”

ತಾಮ್ ಮಗಳ ಕಾಲರನ್ನು ಮುಟ್ಟಿದಳು. “ನಾನು ಹೊಲಿದದ್ದು,” ಎಂದಳು. ಮತ್ತೆ, “ನನ್ನ ಕೈಯಾರೆ ಹೊಲಿದದ್ದು.” ಸುತ್ತ ನೋಡಿದಳು. ಸಂಧ್ಯಾಳ ಟ್ರೇಯಲ್ಲಿ ಬ್ಯಾಂಡೇಜ್ ಕತ್ತರಿ ಇತ್ತು, ಆಂಬ್ಯುಲೆನ್ಸಿನವರು ಬಳಸುವಂಥದೇ. ಅದನ್ನು ಎತ್ತಿಕೊಂಡು, ಎಡಗೈ ಬೆರಳುಗಳನ್ನು ಮಗಳ ಕತ್ತಿಗೂ ರೇಷ್ಮೆಗೂ ನಡುವೆ ಅಡ್ಡ ಇಟ್ಟು, ಕಾಲರನ್ನು ಸುತ್ತಲೂ ಕತ್ತರಿಸಿ ತೆಗೆದಳು. ಯೆನ್ “ಅಮ್ಮಾ, ಬೇಡ!” ಎಂದು ಕೂಗುತ್ತಲೇ ಇದ್ದಳು. ಮೂರು ಸಲ ಪ್ರಜ್ಞೆಯಿಲ್ಲದ ಮಗಳ ಮೈಮೇಲಿನ ಬಟ್ಟೆ ಬಿಚ್ಚಿ ಕತ್ತರಿಯಿಂದ ಕಾಪಾಡಿದ್ದ ಕೈಯೇ ಈಗ ಅದನ್ನು ಕತ್ತರಿಸಿತು. ತುಂಡನ್ನು ನನ್ನ ಮೇಜಿನ ಮೇಲಿಟ್ಟು ತಾಮ್ ಮುಖ ಮುಚ್ಚಿಕೊಂಡು ಅತ್ತಳು. ಸಂಧ್ಯಾಳೂ ಅತ್ತಳು. ನಾನು ಯೆನ್‌ಳ ಮುಂದೆ ಕುಳಿತು ಕ್ಷಮೆ ಕೇಳಿದೆ. ಮೊದಲ ದಿನದ ನನ್ನ ಮಾತನ್ನು ನೆನಪಿಸಿಯೇ ಕೇಳಿದೆ.

ಆಪರೇಷನ್ ರದ್ದಾಯಿತು. ಎರಡು ದಿನ ಬಿಟ್ಟು, ಎಲ್ಲ ಸಿದ್ಧತೆಯೊಂದಿಗೆ, ಕತ್ತಿನ ಆ ಜಾಗವನ್ನು ಬೆರಳಿನಿಂದ ಒತ್ತಿ ನೋಡಿದೆವು. ಹೃದಯ ನಾಲ್ಕು ಸೆಕೆಂಡು ನಿಂತಿತು, ಬೆರಳು ತೆಗೆದೊಡನೆ ಹೊರಟಿತು. ಆಮೇಲೆ ಕಾಲರಿಲ್ಲದೆ ಇನ್ನೆರಡು ವಾರ ಪ್ಯಾಚ್ ಹಾಕಿಸಿದೆ. ಒಂದು ಬಡಿತವೂ ತಪ್ಪಿರಲಿಲ್ಲ. ಔಷಧ ಇಷ್ಟೇ: ಕತ್ತಿಗೆ ಬಿಗಿಯಾದದ್ದು ಯಾವುದೂ ಬೇಡ, ನೀರು ಚೆನ್ನಾಗಿ ಕುಡಿ, ತಲೆ ತಿರುಗಿದರೆ ಕೂತುಬಿಡು, ಮತ್ತೇನಾದರೂ ಆದರೆ ತಡಮಾಡದೆ ಬಾ.

ಆಪರೇಷನ್ ರದ್ದಾದ ದಿನ ಸಂಜೆಯೇ ಮನೆಯಲ್ಲಿ ಅವ್ವನಿಗೆ ಎಲ್ಲ ಹೇಳಿದ್ದೆ. ಸಮಾಧಾನ ಮಾಡುತ್ತಾಳೆ ಎಂದುಕೊಂಡಿದ್ದು ನನ್ನ ತಪ್ಪು.

“ಅಲ್ಲವಾ, ನನ್ನ ಸೊಂಟದ ಮ್ಯಾಲಿನ ಲಾಡಿ ಕಲಿ ಸಣ್ಣಾಕಿ ಇದ್ದಾಗಿಂದ ನೋಡೀದಿ. ಲಂಗದ ಲಾಡಿ ಐವತ್ತು ವರ್ಷದಾಗ ಚರ್ಮಾನ ಕಪ್ಪು ಮಾಡ್ತು. ಅರಿವಿ ಮೈಗೆ ಏನ್ ಮಾಡ್ತದ ಅಂತ ನಿನಗ ಹೇಳಿಕೊಡಬೇಕಾ? ಅಷ್ಟು ವೈರ್ ಹಚ್ಚಿದ್ರಿ, ಏನ್ ಹಾಕ್ಕೊಂಡಿದ್ದಿ ತಂಗಿ ಅಂತ ಒಬ್ರರೆ ಕೇಳಲಿಲ್ಲಾ?”

ನಿವೃತ್ತಳಾಗುವವರೆಗೆ ಆ ಪ್ರಶ್ನೆಯನ್ನು ಪ್ರಜ್ಞೆ ತಪ್ಪಿ ಬಂದ ಪ್ರತಿಯೊಬ್ಬರಿಗೂ ಕೇಳಿದೆ. ಬಿದ್ದಾಗ ಏನು ತೊಟ್ಟಿದ್ದಿರಿ? ಸಾಧ್ಯವಾದರೆ ಅದನ್ನೇ ತೊಟ್ಟು ಬನ್ನಿ. ಕಿರಿಯ ಡಾಕ್ಟರುಗಳು ಹಿಂದಿನಿಂದ ನನ್ನನ್ನು ‘ಫ್ಯಾಷನ್ ಡಾಕ್ಟರ್’ ಎಂದು ನಗುತ್ತಿದ್ದರು, ನಗಲಿ ಎಂದು ಬಿಟ್ಟೆ. ರೋಗಿಯ ಕಸುಬಿನ ಬಗ್ಗೆ ಡಾಕ್ಟರಿಗೆ ತಿರಸ್ಕಾರವಿದ್ದರೆ ಆ ರೋಗಿಯ ಮಾತಿನ ಅರ್ಧ ಕಿವಿಗೆ ಬೀಳುವುದಿಲ್ಲ, ಕಾಯಿಲೆ ಹೆಚ್ಚಾಗಿ ಆ ಅರ್ಧದಲ್ಲೇ ಇರುತ್ತದೆ. ಈ ವೃತ್ತಿ ನನಗೆ ಕಲಿಸಿದ ಪಾಠ ಇದು, ಕಲಿತದ್ದು ಬಹಳ ತಡವಾಗಿ.

ಫೆಬ್ರವರಿಯ ಫೈನಲ್‌ಗೆ ತಾಮ್ ಎರಡು ಟಿಕೆಟ್ ಕಳಿಸಿದ್ದಳು. ಸೌಂದರ್ಯ ಸ್ಪರ್ಧೆಯ ವಿರುದ್ಧ ಕಪ್ಪು ಗೆದ್ದವಳು ಸಂಧ್ಯಾಳ ಕಾರಿನಲ್ಲಿ 880 ಫ್ರೀವೇ ಹಿಡಿದು ಸ್ಯಾನ್ ಹೋಸೆಗೆ ಹೋಗಿ ಮೂರನೆಯ ಸಾಲಿನಲ್ಲಿ ಕುಳಿತೆ. ಯೆನ್ ಅದೇ ಕಮಲದ ಬಣ್ಣದ ಆವ್ ಯಾಯ್ ತೊಟ್ಟು ಬಂದಳು. ಕಾಲರ್ ಕತ್ತರಿಸಿದ ಅಂಚನ್ನು ತಾಮ್ ಇನ್ನೂ ಕೆಳಗಿಳಿಸಿ, ಭುಜದಿಂದ ಭುಜಕ್ಕೆ ಅಗಲವಾದ ಕತ್ತು ಮಾಡಿದ್ದಳು. ಹುಡುಗಿ ಗಲ್ಲ ಎತ್ತಿ ಎಡಕ್ಕೆ ತಿರುಗಿದಳು. ಸಂಧ್ಯಾ ನನ್ನ ಕೈ ಹಿಡಿದು ಎಣಿಸತೊಡಗಿದಳು. ನಾಲ್ಕು, ಐದು, ಆರು, ಏಳು. ಯೆನ್ ನಗುತ್ತಲೇ ಬಲಕ್ಕೆ ತಿರುಗಿದಳು.

ಕಿರೀಟ ಬೇರೆ ಹುಡುಗಿಗೆ ಹೋಯಿತು. ಯೆನ್‌ಳ ಸೈಗಾನಿನ ಟಿಕೆಟ್ ಮಾತ್ರ ಆಗಲೇ ಆಗಿತ್ತು. ಆದರೆ ಅವತ್ತು ನಾನು ನೋಡುತ್ತಿದ್ದದ್ದು ಅವಳ ಮುಖವನ್ನಲ್ಲ, ಕಿರೀಟವನ್ನೂ ಅಲ್ಲ. ಬೆಳಕು ನೇರವಾಗಿ ಬೀಳುತ್ತಿದ್ದ ಎಡ ಕಾಲರ್‌ಬೋನ್ ಕೆಳಗಿನ ಆ ಎರಡು ಇಂಚನ್ನು, ತಾಮ್ ಚಾಕಿನಿಂದ ವೃತ್ತ ಎಳೆದಿದ್ದ, ನಾನು ಕೊಯ್ಯಲಿದ್ದ ಜಾಗವನ್ನು. ಅಲ್ಲಿ ಏನೂ ಇರಲಿಲ್ಲ.